ಇನ್ನೊಂದು ಪ್ರತಿ ಎಲ್ಲಿದೆ?

ಪೊನ್ನನ 'ಭುವನೈಕರಾಮಾಭ್ಯುದಯ' ಇಂದು ನಮಗೆ ಸಿಕ್ಕಿಲ್ಲ, ಹೆಸರಷ್ಟೇ ಉಳಿದಿದೆ. ಅದೇ ಕವಿಯ 'ಶಾಂತಿಪುರಾಣ' ಕೈಯಲ್ಲಿದೆ. ಆ ಕಾವ್ಯ ಅಳಿಯಬಾರದೆಂದು ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಅದರ ಸಾವಿರ ಓಲೆಪ್ರತಿಗಳನ್ನು ಬರೆಸಿ ಹಂಚಿದಳು. ಅಚ್ಚುಮೊಳೆ ಇಲ್ಲದ ಕಾಲ. ಒಂದೊಂದು ಅಕ್ಷರವನ್ನೂ ಕಂಟದಿಂದ ಕೊರೆಯಬೇಕಿತ್ತು. ಅಷ್ಟು ಶ್ರಮದ, ಅಷ್ಟು ಖರ್ಚಿನ ಕೆಲಸವನ್ನು ಅವಳು ಸಾವಿರ ಸಲ ಮಾಡಿಸಿದಳು.

ಗೆಳೆಯರೇ, ನೀವು ಅವಳ ನಾಡಿನವರು. ವರ್ಷಗಟ್ಟಲೆ ಕೂತು ಬರೆದ ಪ್ರಬಂಧ, ರಾತ್ರಿಯೆಲ್ಲ ನಿದ್ದೆಗೆಟ್ಟು ಕಟ್ಟಿದ ಕೋಡ್, ಅಜ್ಜಿಯ ಬಾಯಿಂದ ರೆಕಾರ್ಡ್ ಮಾಡಿಕೊಂಡ ಸೋಬಾನೆ ಪದ, ಎಲ್ಲವೂ ಒಂದೇ ಲ್ಯಾಪ್‌ಟಾಪಿನ ಒಂದೇ ಡಿಸ್ಕಿನಲ್ಲಿ ಯಾಕಿರಬೇಕು? ಬಸ್ಸಿನಲ್ಲಿ ಬ್ಯಾಗು ಕಳೆಯಬಹುದು, ಕೀಬೋರ್ಡಿನ ಮೇಲೆ ಚಹಾ ಚೆಲ್ಲಬಹುದು. ಎಸ್‌ಎಸ್‌ಡಿಯಂತೂ ಎಷ್ಟೋ ಸಲ ಸುಳಿವನ್ನೇ ಕೊಡದೆ ಕೈಕೊಡುತ್ತದೆ. ಆಮೇಲೆ ರಿಕವರಿ ಅಂಗಡಿಗೆ ಸುರಿಯುವ ಹಣದಲ್ಲಿ ಹೊಸ ಡಿಸ್ಕೇ ಬರುತ್ತಿತ್ತು.

ದುಡ್ಡಿಲ್ಲ ಎನ್ನುತ್ತೀರಾ? ಮನೆಯ ಅಟ್ಟದಲ್ಲಿ ಕೆಟ್ಟು ಕೂತ ಹಳೆಯ ಲ್ಯಾಪ್‌ಟಾಪ್ ಇದೆಯೇ ನೋಡಿ. ಮದರ್‌ಬೋರ್ಡ್ ಸತ್ತಿದ್ದರೂ ಒಳಗಿನ ಎರಡೂವರೆ ಇಂಚಿನ ಹಾರ್ಡ್ ಡಿಸ್ಕ್ ಬದುಕಿರಬಹುದು. ಅದನ್ನು ಹೊರತೆಗೆದು ಯುಎಸ್‌ಬಿ ಕೇಸಿಂಗಿಗೆ ಹಾಕಿದರೆ ನಿಮ್ಮದೇ ಎಕ್ಸ್‌ಟರ್ನಲ್ ಡಿಸ್ಕ್ ಸಿದ್ಧ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂಥ ಕೇಸಿಂಗ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶದಿಂದ ಡಿಸ್ಕಿನ ಆರೋಗ್ಯ ನೋಡಿಕೊಳ್ಳಿ. ಪ್ರತಿ ಮಾಡುವ ತಂತ್ರಾಂಶಕ್ಕೂ ಕಾಸು ಕೊಡಬೇಕಿಲ್ಲ. ವಿಂಡೋಸ್‌ನಲ್ಲಿ ಫೈಲ್ ಹಿಸ್ಟರಿ, ಮ್ಯಾಕ್‌ನಲ್ಲಿ ಟೈಮ್ ಮಷೀನ್ ಜೊತೆಗೇ ಬರುತ್ತವೆ. ಲಿನಕ್ಸಿಗೆ ದೇಜಾ ಡೂಪ್ ಇದೆ.

ಗೂಗಲ್ 15 ಜಿಬಿ ಜಾಗ ಉಚಿತವಾಗಿ ಕೊಡುತ್ತದೆ. ಅದರಲ್ಲಿ ಜಿಮೇಲ್, ಫೋಟೋಗಳಿಗೂ ಪಾಲಿದೆ ನಿಜ. ಆದರೂ ಪ್ರಬಂಧಕ್ಕೆ, ಕೋಡಿಗೆ ಅದು ಧಾರಾಳ. ವಿಡಿಯೋಗಳು ಡಿಸ್ಕಿನಲ್ಲಿರಲಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಸಿಂಕ್ ಆಗುತ್ತಿದೆ ಎಂದಮಾತ್ರಕ್ಕೆ ಬ್ಯಾಕಪ್ ಆಯಿತೆಂದು ನಂಬಬೇಡಿ. ಲ್ಯಾಪ್‌ಟಾಪಿನಲ್ಲಿ ಅಳಿಸಿದ್ದು ಗೂಗಲ್ ಡ್ರೈವ್‌ನಲ್ಲೂ ಅಳಿಯುತ್ತದೆ, ಕಸದಬುಟ್ಟಿಯಲ್ಲಿ 30 ದಿನ ಇದ್ದು ಹೊರಟುಹೋಗುತ್ತದೆ. ಡಿಸ್ಕನ್ನೂ ಸದಾ ಸಿಕ್ಕಿಸಿಕೊಂಡೇ ಇರಬೇಡಿ. 2017ರ ಮೇ ತಿಂಗಳಲ್ಲಿ ಸುಮಾರು 150 ದೇಶಗಳನ್ನು ಕಾಡಿದ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ, ಯಂತ್ರಕ್ಕೆ ಸೇರಿಸಿದ್ದ ಡ್ರೈವ್‌ಗಳ ಕಡತಗಳಿಗೂ ಬೀಗ ಜಡಿಯಿತು. ಪ್ರತಿಯಾದ ತಕ್ಷಣ ಕಳಚಿಡಿ. ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ 3-2-1 ಸೂತ್ರ ನಮ್ಮ ಜೇಬಿಗೂ ಒಗ್ಗುತ್ತದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ. ಹಾಸ್ಟೆಲಿನಲ್ಲಿರುವವರು ರಜೆಗೆ ಊರಿಗೆ ಹೋದಾಗ ಒಂದು ಪ್ರತಿ ಮನೆಯಲ್ಲೇ ಬಿಟ್ಟುಬನ್ನಿ. ಬೇರೆಯವರ ಕಣ್ಣಿಗೆ ಬೀಳಬಾರದೆಂದರೆ ವೆರಾಕ್ರಿಪ್ಟ್‌ನಿಂದ ಬೀಗ ಹಾಕಿ, ಅದೂ ಉಚಿತ.

1998ರಲ್ಲಿ ಪಿಕ್ಸಾರ್ ಸ್ಟುಡಿಯೋದಲ್ಲಿ 'ಟಾಯ್ ಸ್ಟೋರಿ 2' ಚಿತ್ರದ ಕಡತಗಳು ಒಂದು ತಪ್ಪು ಆಜ್ಞೆಯಿಂದ ಅಳಿಯತೊಡಗಿದವು. ಬ್ಯಾಕಪ್ ಇತ್ತು, ಆದರೆ ಅದು ಸರಿಯಾಗಿ ನಡೆಯುತ್ತಿರಲಿಲ್ಲ, ಯಾರೂ ಗಮನಿಸಿರಲಿಲ್ಲ. ಹಸುಗೂಸನ್ನು ನೋಡಿಕೊಳ್ಳುತ್ತ ಮನೆಯಿಂದಲೇ ದುಡಿಯುತ್ತಿದ್ದ ಗ್ಯಾಲಿನ್ ಸಸ್‌ಮನ್ ಅವರ ಕಂಪ್ಯೂಟರಿನಲ್ಲಿದ್ದ ಪ್ರತಿ ಸಿನಿಮಾವನ್ನು ಉಳಿಸಿತು. ಅಂಥ ಸ್ಟುಡಿಯೋಗೇ ಆದದ್ದು ನಮಗೆ ಆಗದೇ? ಹಾಗಾಗಿ ಇಂದು ರಾತ್ರಿ ಮಲಗುವ ಮುನ್ನ ಮೊದಲ ಪ್ರತಿ ಮಾಡಿ. ನಾಳೆ ಆ ಡಿಸ್ಕನ್ನು ಗೆಳೆಯನ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ನಿಮ್ಮ ಪ್ರಬಂಧದ ಕೊನೆಯ ಅಧ್ಯಾಯವನ್ನು ತೆರೆದು, ಕೊನೆಯ ಪುಟದವರೆಗೂ ಸರಿಸಿ ನೋಡಿ. ತೆರೆದುಕೊಂಡರೆ ಅವನದನ್ನೂ ಅಲ್ಲೇ ಕೂತು ಪ್ರತಿ ಮಾಡಿಸಿಯೇ ಏಳಿ.