ಸಾಹೇಬ್ರ, ಇವತ್ತು ಹಾರೋದು ಬ್ಯಾಡ್ರಿ



ಇವತ್ತಿನ ವಿಷಯ ಕೇಳಿ ನಗಬೇಡಿ. ಸ್ವಂತ ಜೆಟ್ ವಿಮಾನ ಇಟ್ಟುಕೊಂಡಿರೋರು ತಮ್ಮ ಪೈಲಟ್‌ನನ್ನು ಹೇಗೆ ಆರಿಸಬೇಕು? ಇದು ಪ್ರಶ್ನೆ. ಬನಹಟ್ಟಿಯಲ್ಲಿ ಮಗ್ಗದ ಮನೆಯಲ್ಲಿ ಕೂತು ಟಿವಿ ನೋಡ್ತಿರೋ ಕಾಕಾ ಈಗಾಗಲೇ ಬೈದಿರಬಹುದು: "ನಮ್ಮ ಮನ್ಯಾಗ ಸ್ಕೂಟರ್ ಕಂತು ತುಂಬಾಕ ಆಗವಲ್ದು, ನೀ ಜೆಟ್ ಮಾತಾಡ್ತೀಯಲ್ಲೋ ತಮ್ಮಾ!" ಆದರೂ ಸ್ವಲ್ಪ ಹೊತ್ತು ಕೂತ್ಕೊಳ್ಳಿ ಕಾಕಾ. ಚುನಾವಣೆ ಬಂದಾಗ ಜಮಖಂಡಿ, ಮುಧೋಳ, ಬೀಳಗಿ ಕಡೆ ಮೈದಾನಗಳಲ್ಲಿ ಹೆಲಿಕಾಪ್ಟರ್ ಇಳಿಯುತ್ತಲ್ಲ, ಧೂಳು ಎದ್ದು ಹೆಣ್ಣುಮಕ್ಕಳು ಸೆರಗು ಮುಚ್ಚಿಕೊಳ್ತಾರಲ್ಲ, ಆ ಧೂಳಿನಲ್ಲಿ ನಿಂತಿರೋರು ನೀವೇ. ಮೇಲೆ ಕೂತು ಅದನ್ನು ಇಳಿಸೋ ಮನುಷ್ಯನನ್ನು ಯಾರು ಆರಿಸಿದರು, ಏನು ನೋಡಿ ಆರಿಸಿದರು ಅನ್ನೋದು ನಿಮಗೂ ಸಂಬಂಧಪಟ್ಟ ವಿಚಾರವೇ.

ಮೊದಲು ಭೂಗೋಳ. ಈ ನಾಲ್ಕು ತಾಲೂಕುಗಳಲ್ಲಿ ಜೆಟ್ ಇಳಿಯುವ ವಿಮಾನ ನಿಲ್ದಾಣ ಇಲ್ಲ. ಸಕ್ಕರೆ, ಸಿಮೆಂಟು, ಸೀರೆ ವ್ಯಾಪಾರದ ದುಡ್ಡು ಈ ಕಡೆ ಸಾಕಷ್ಟಿದೆ, ರನ್‌ವೇ ಇಲ್ಲ. ತೋರಣಗಲ್ಲಿನಲ್ಲಿ, ಕೊಪ್ಪಳದ ಗಿಣಿಗೇರಾದಲ್ಲಿ ಕಾರ್ಖಾನೆಯವರೇ ಪಟ್ಟಿ ಹಾಕಿಸಿಕೊಂಡಿದ್ದಾರೆ. ಕೃಷ್ಣಾ-ಘಟಪ್ರಭಾ ದಂಡೆಯಲ್ಲಿ ಅದು ಆಗಿಲ್ಲ. ಹಾಗಾಗಿ ಮುಧೋಳದ ಯಜಮಾನರೊಬ್ಬರು ನಾಳೆ ಜೆಟ್ ಕೊಂಡರೂ ಇಳಿಯಬೇಕಾದದ್ದು ಬೆಳಗಾವಿಯ ಸಾಂಬ್ರಾದಲ್ಲಿ, ಇಲ್ಲವೇ ಹುಬ್ಬಳ್ಳಿಯಲ್ಲಿ. ಅಲ್ಲಿಂದ ಮುಂದೆ ಕಾರು, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತಾಸುಗಟ್ಟಲೆ. ಈ ಕಾರಿನ ವಿಚಾರ ನೆನಪಿಟ್ಟುಕೊಳ್ಳಿ, ಆಮೇಲೆ ಬರ್ತೀನಿ.

ಪೈಲಟ್ ಆರಿಸೋದು ಅಂದ ಕೂಡಲೇ ಎಲ್ಲರೂ ಕೇಳೋದು ಒಂದೇ: ಎಷ್ಟು ತಾಸು ಹಾರಿಸಿದ್ದಾನೆ? ನಮ್ಮ ದೇಶದಲ್ಲಿ ಕಮರ್ಷಿಯಲ್ ಲೈಸೆನ್ಸಿಗೆ 200 ತಾಸಿನ ಹಾರಾಟ ಬೇಕು. ಏರ್‌ಲೈನಿನ ಕ್ಯಾಪ್ಟನ್ ದರ್ಜೆಯ ಲೈಸೆನ್ಸಿಗೆ 1500 ತಾಸು. ಅದರ ಮೇಲೆ ಯಾವ ವಿಮಾನ ಹಾರಿಸ್ತಾನೋ ಆ ಮಾದರಿಗೆ ಪ್ರತ್ಯೇಕ ಟೈಪ್ ರೇಟಿಂಗ್, ಮೋಡದೊಳಗೆ ಉಪಕರಣ ನೋಡಿಕೊಂಡು ಹಾರಿಸೋಕೆ ಇನ್‌ಸ್ಟ್ರುಮೆಂಟ್ ರೇಟಿಂಗ್, ಒಂದನೇ ದರ್ಜೆಯ ವೈದ್ಯಕೀಯ ಪರೀಕ್ಷೆ. ಹಾರಾಟಕ್ಕೆ ಮುಂಚಿನ 12 ತಾಸು ಮದ್ಯ ಮುಟ್ಟುವಂತಿಲ್ಲ. ಇವೆಲ್ಲ ಕಾಗದದಲ್ಲಿ ಸಿಗುವ ಸಂಗತಿಗಳು. ಒಬ್ಬ ಒಳ್ಳೆ ಗುಮಾಸ್ತ ಒಂದು ಮಧ್ಯಾಹ್ನ ಕೂತರೆ ಅಷ್ಟನ್ನೂ ಪರಿಶೀಲಿಸಬಹುದು.

ಕಾಗದದಲ್ಲಿ ಸಿಗದ ಸಂಗತಿ ಬೇರೆ ಇದೆ.

ಏರ್‌ಲೈನಿನಲ್ಲಿ ಪೈಲಟ್ ಒಬ್ಬನೇ ಇರೋದಿಲ್ಲ. ಅವನ ಹಿಂದೆ ತರಬೇತಿ ವಿಭಾಗ, ಸುರಕ್ಷತಾ ವಿಭಾಗ, ರೋಸ್ಟರ್ ಹಾಕೋರು, ಪ್ರತಿ ಹಾರಾಟದ ದತ್ತಾಂಶ ತೆಗೆದು ನೋಡೋರು ಇರ್ತಾರೆ. ಇವತ್ತು ಇವನ ಜೊತೆ ಕೂತ ಸಹಪೈಲಟ್ ನಾಳೆ ಇನ್ನೊಬ್ಬರ ಜೊತೆ. ಚಟ ಬೆಳೆಯೋಕೆ ಜಾಗ ಕಡಿಮೆ. ಖಾಸಗಿ ನೋಂದಣಿಯ ವಿಮಾನ ಅಂದರೆ ಅದನ್ನು ಬಾಡಿಗೆಗೆ ಬಿಡುವಂತಿಲ್ಲ, ಮಾಲೀಕರ ಓಡಾಟಕ್ಕಷ್ಟೇ. ಅಲ್ಲಿ ಇಷ್ಟೂ ವಿಭಾಗಗಳ ಕೆಲಸ ಯಾರ ತಲೆ ಮೇಲೆ? ಮಾಲೀಕರ ಮೇಲೆ, ಇಲ್ಲವೇ ಅವರ ಪಿಎ ಮೇಲೆ. ಆ ಪಿಎಗೆ ಗೊತ್ತಿರೋದು ಸಾಹೇಬರು ಎಷ್ಟು ಗಂಟೆಗೆ ಎಲ್ಲಿರಬೇಕು ಅನ್ನೋದು ಮಾತ್ರ.

ಅಮೆರಿಕದ ಒಂದು ಪ್ರಕರಣ ಹೇಳ್ತೀನಿ. 2014ರ ಮೇ 31ರ ರಾತ್ರಿ, ಮ್ಯಾಸಚೂಸೆಟ್ಸ್ ರಾಜ್ಯದ ಬೆಡ್‌ಫರ್ಡ್. ಲೂಯಿಸ್ ಕಾಟ್ಜ್ ಅಂತ ಫಿಲಡೆಲ್ಫಿಯಾದ ಪತ್ರಿಕೆಯೊಂದರ ಸಹಮಾಲೀಕರು. ಅವರ ಗಲ್ಫ್‌ಸ್ಟ್ರೀಮ್ ಜೆಟ್ ಟೇಕಾಫ್‌ಗೆ ಓಡಿತು, ಏಳಲೇ ಇಲ್ಲ. ರನ್‌ವೇ ದಾಟಿ ಹಳ್ಳಕ್ಕೆ ಬಿದ್ದು ಬೆಂಕಿ ಹತ್ತಿತು. ಒಳಗಿದ್ದ ಏಳೂ ಮಂದಿ ಸತ್ತರು.

ಕಾರಣ? ನಿಂತ ವಿಮಾನದ ರೆಕ್ಕೆ-ಬಾಲದ ಹಲಗೆಗಳು ಗಾಳಿಗೆ ಬಡಿದಾಡದಿರಲಿ ಅಂತ ಒಂದು ಲಾಕ್ ಹಾಕ್ತಾರೆ, ಗಸ್ಟ್ ಲಾಕ್. ಅದನ್ನು ತೆಗೆಯೋದನ್ನೇ ಮರೆತಿದ್ದರು. ನಮ್ಮೂರ ಭಾಷೆಯಲ್ಲಿ ಹೇಳಬೇಕಂದ್ರೆ ಸ್ಟೇರಿಂಗ್ ಲಾಕ್ ತೆಗೆಯದೆ ಬೈಕ್ ಎಬ್ಬಿಸಿದ ಹಾಗೆ. ಲಾಕ್ ಇದ್ದಾಗ ಎಂಜಿನ್ ಹೆಚ್ಚು ಏರದಂತೆ ತಡೆಯಬೇಕಿದ್ದ ವ್ಯವಸ್ಥೆಯ ವಿನ್ಯಾಸದಲ್ಲೂ ದೋಷ ಇತ್ತು, ಅದು ಬೇರೆ ಮಾತು. ಇಂಜಿನಿಯರಿಂಗ್ ಓದಿದ ನನಗೆ ಆ ವಿನ್ಯಾಸದ ಬಗ್ಗೆ ಒಂದು ತಾಸು ಮಾತಾಡೋ ಆಸೆ ಇದೆ, ನನ್ನ ನಿರ್ಮಾಪಕರು ಬಿಡೋದಿಲ್ಲ.

ತನಿಖೆ ಮಾಡಿದೋರು ವಿಮಾನದ ದತ್ತಾಂಶ ಪೆಟ್ಟಿಗೆ ತೆಗೆದು ಹಿಂದಿನ 175 ಟೇಕಾಫ್‌ಗಳನ್ನು ನೋಡಿದರು. ಟೇಕಾಫ್‌ಗೆ ಮುಂಚೆ ಹ್ಯಾಂಡಲ್ಲು, ಪೆಡಲ್ಲು ಪೂರ್ತಿ ಆಡಿಸಿ ನೋಡಬೇಕು, ಅರ್ಧ ನಿಮಿಷದ ಕೆಲಸ. 98 ಶೇಕಡಾ ಬಾರಿ ಅದನ್ನು ಪೂರ್ತಿ ಮಾಡಿರಲೇ ಇಲ್ಲ! ಇವರೇನು ಹೊಸಬರಾ? ಅಲ್ಲ ಸ್ವಾಮಿ. ಇಬ್ಬರೂ ಪಳಗಿದ ಕೈಗಳು, ವರ್ಷಾನುಗಟ್ಟಲೆ ಜೊತೆಯಲ್ಲೇ ಹಾರಿಸಿದವರು, ಮಾಲೀಕರ ನಂಬಿಕೆಯ ಜನ. ಸುರಕ್ಷತೆಯ ಪ್ರಮಾಣಪತ್ರವೂ ಇತ್ತು. ಇಬ್ಬರೇ ಇಬ್ಬರು, ಮೂರನೆಯವರು ನೋಡೋರಿಲ್ಲ. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಕೇಳಲಿಲ್ಲ. "ನಮ್ಮ ಮನಿ ಮನುಷ್ಯಾ" ಅನ್ನೋ ಮಾತು ನಮ್ಮಲ್ಲಿ ದೊಡ್ಡ ಅರ್ಹತೆ. ಇಪ್ಪತ್ತು ವರ್ಷದಿಂದ ನಮ್ಮ ಹತ್ರ ಇದಾನ್ರೀ, ಅವನಿಗೇನು ಪರೀಕ್ಷೆ? ಪರೀಕ್ಷೆ ಮೊದಲು ಬೇಕಾದದ್ದೇ ಅವನಿಗೆ.

ಇನ್ನೊಂದು ಪ್ರಕರಣ ನಿಮಗೆಲ್ಲ ಗೊತ್ತು. ಬಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಾಂಟ್, 2020ರ ಜನವರಿ 26, ಕ್ಯಾಲಿಫೋರ್ನಿಯಾ. ಹೆಲಿಕಾಪ್ಟರ್ ಗುಡ್ಡಕ್ಕೆ ಬಡಿದು, ಅವರು, ಅವರ ಮಗಳು ಸೇರಿ ಒಂಬತ್ತು ಜನ ಹೋದರು. ಪೈಲಟ್ ಅನುಭವಿ, ಕೋಬಿಗೆ ಅಚ್ಚುಮೆಚ್ಚಿನವ. ಮೋಡದೊಳಗೆ ಹೊಕ್ಕ ಮೇಲೆ ದಿಕ್ಕಿನ ಅರಿವು ತಪ್ಪಿತು. ಮೇಲೇರ್ತಿದ್ದೀನಿ ಅಂತ ಕಂಟ್ರೋಲಿಗೆ ಹೇಳ್ತಿರುವಾಗಲೇ ಹೆಲಿಕಾಪ್ಟರ್ ಎಡಕ್ಕೆ ವಾಲಿ ಕೆಳಗೆ ಇಳೀತಿತ್ತು. ಕಣ್ಣಿಗೆ ದಿಗಂತ ಕಾಣದಿದ್ದಾಗ ನಮ್ಮ ಒಳಗಿವಿ ಸುಳ್ಳು ಹೇಳುತ್ತೆ, ಎಂಥ ನುರಿತವನಿಗೂ.

ತನಿಖೆಯಲ್ಲಿ ನನಗೆ ಮುಖ್ಯ ಅನಿಸಿದ್ದು ಒಂದು ಸಾಲು. ಹೋಗಲೇಬೇಕು ಅಂತ ಕೋಬಿ ಒತ್ತಡ ಹಾಕಿದ್ದಕ್ಕೆ ಯಾವ ಸಾಕ್ಷಿಯೂ ಸಿಗಲಿಲ್ಲ. ಪೈಲಟ್ ತನ್ನ ಮೇಲೆ ತಾನೇ ಒತ್ತಡ ಹಾಕಿಕೊಂಡಿರಬೇಕು ಅಂದರು. ದೊಡ್ಡವರು ಬಾಯಿ ಬಿಟ್ಟು ಹೇಳಬೇಕಾಗಿಲ್ಲ ನೋಡಿ. ಅವರ ಮುಖ ಸಪ್ಪಗಾಗಬಾರದು ಅಂತ ನಾವೇ ಒಂದು ಹೆಜ್ಜೆ ಮುಂದೆ ಇಡ್ತೀವಿ. "ನಾನು ಯಾವತ್ತೂ ನನ್ನ ಪೈಲಟ್‌ಗೆ ಜೋರು ಮಾಡಿಲ್ಲ" ಅಂತ ಮಾಲೀಕರು ಹೇಳಿದರೆ ಸಾಲದು. ಬೇಡ ಅಂದ ದಿನ ಅವನಿಗೆ ಏನಾಯಿತು ಅಂತ ಕೇಳಬೇಕು.

ಪೋಲೆಂಡಿನಲ್ಲಿ ಆದದ್ದು ಕೇಳಿ. 2008ರ ಆಗಸ್ಟ್, ಜಾರ್ಜಿಯಾದಲ್ಲಿ ಯುದ್ಧ. ಅಧ್ಯಕ್ಷ ಲೇಖ್ ಕಾಚಿನ್ಸ್ಕಿ ವಿಮಾನದಲ್ಲಿದ್ದರು, ನೇರ ಟಿಬಿಲಿಸಿಗೆ ಹೋಗಬೇಕು ಅಂದರು. ಕ್ಯಾಪ್ಟನ್ ಆಗಲ್ಲ ಅಂದ. ಪಕ್ಕದ ಅಜರ್‌ಬೈಜಾನಿನ ಗಾಂಜಾದಲ್ಲಿ ಇಳಿಸಿದ. ಅಧ್ಯಕ್ಷರು ಕೆಂಡವಾದರು, ಹೇಡಿ ಅನ್ನೋ ಮಾತೂ ಬಂತು. ರಕ್ಷಣಾ ಮಂತ್ರಿ ಆಮೇಲೆ ಆ ಪೈಲಟ್‌ಗೆ ಪದಕ ಕೊಟ್ಟರು, ಅದು ಸರಿ. ಆದರೆ ಅಂದು ಪಕ್ಕದ ಸೀಟಿನಲ್ಲಿ ಕೂತು ಇದನ್ನೆಲ್ಲ ನೋಡಿದ ಸಹಪೈಲಟ್ ಒಬ್ಬನಿದ್ದನಲ್ಲ? ಅವನೇ 2010ರ ಏಪ್ರಿಲ್ 10ರಂದು ಕ್ಯಾಪ್ಟನ್. ಅದೇ ಅಧ್ಯಕ್ಷರು, ರಷ್ಯಾದ ಸ್ಮೊಲೆನ್ಸ್ಕ್, ಕಣ್ಣಿಗೆ ಬಟ್ಟೆ ಕಟ್ಟಿದಂಥ ಮಂಜು. ಇಳಿಯೋಕೆ ಹೋಗಿ 96 ಜನ ಸತ್ತರು, ಅಧ್ಯಕ್ಷರೂ ಅವರ ಪತ್ನಿಯೂ ಸೇರಿ. ಒತ್ತಡ ಇತ್ತೋ ಇಲ್ಲವೋ ಅಂತ ರಷ್ಯಾದ ತನಿಖೆಗೂ ಪೋಲೆಂಡಿನ ತನಿಖೆಗೂ ಹೊಂದಿಕೆಯಾಗಲಿಲ್ಲ. ನನಗಂತೂ ಆ ಸಹಪೈಲಟ್ 2008ರಲ್ಲಿ ಏನು ಪಾಠ ಕಲಿತ ಅನ್ನೋ ಪ್ರಶ್ನೆ ತಲೆಯಿಂದ ಹೋಗಿಲ್ಲ.

ನಮ್ಮ ದೇಶಕ್ಕೆ ಬನ್ನಿ. 2001ರ ಸೆಪ್ಟೆಂಬರ್ 30, ಮಾಧವರಾವ್ ಸಿಂಧಿಯಾ ಕಾನ್ಪುರದ ಸಭೆಗೆ ಹೊರಟಿದ್ದರು, ಮೈನ್‌ಪುರಿ ಹತ್ತಿರ ಕೆಟ್ಟ ಹವಾಮಾನದಲ್ಲಿ ವಿಮಾನ ಬಿತ್ತು. 2009ರ ಸೆಪ್ಟೆಂಬರ್ 2, ವೈ.ಎಸ್. ರಾಜಶೇಖರ ರೆಡ್ಡಿ. ನಲ್ಲಮಲ ಕಾಡಿನ ಮೇಲೆ ಮಳೆಮೋಡ, ಗೇರ್‌ಬಾಕ್ಸ್ ಎಣ್ಣೆಯ ಒತ್ತಡದ ಎಚ್ಚರಿಕೆ ಬಂತು, ಇಬ್ಬರೂ ಪೈಲಟ್‌ಗಳ ಗಮನ ಅದರ ಕಡೆ ಹೋಯಿತು. ಸೌಂದರ್ಯ ಅವರನ್ನಂತೂ ಕನ್ನಡದೋರು ಮರೆಯೋಕಾಗಲ್ಲ. 2004ರ ಏಪ್ರಿಲ್ 17, ಬೆಂಗಳೂರಿನ ಜಕ್ಕೂರು. ಚುನಾವಣಾ ಪ್ರಚಾರಕ್ಕೆ ಅಂತ ಹೊರಟ ಪುಟ್ಟ ಸೆಸ್ನಾ ಎದ್ದ ಸ್ವಲ್ಪ ಹೊತ್ತಿಗೇ ಬಿತ್ತು. ಪ್ರತಿಯೊಂದರ ಕಾರಣ ಬೇರೆ, ಎಲ್ಲಕ್ಕೂ ಪೈಲಟ್‌ನನ್ನು ದೂರೋದು ಅನ್ಯಾಯ. ಆದರೆ ಮೂರೂ ಕಡೆ ಎಲ್ಲೋ ಒಂದು ಊರಲ್ಲಿ ಜನ ಕಾಯ್ತಿದ್ದರು. ಸಭೆ ನಿಗದಿಯಾಗಿತ್ತು.

ಸರಿ, ನಾಳೆ ಒಬ್ಬರು ಫೋನ್ ಮಾಡಿ "ಪೈಲಟ್ ತಗೋಬೇಕಾಗೈತ್ರಿ, ಏನು ಕೇಳಲಿ?" ಅಂದರೆ ನಾನು ಹೇಳೋದು ಇಷ್ಟು. ಕಾಗದ ಎಲ್ಲ ನೋಡಿ ಆದ ಮೇಲೆ ಒಂದೇ ಪ್ರಶ್ನೆ ಕೇಳಿ: ಕೊನೆಯ ಬಾರಿ ನೀವು ಯಾವಾಗ ವಾಪಸ್ ಬಂದಿರಿ? ಹೊರಟು ಅರ್ಧ ದಾರಿಯಿಂದ ತಿರುಗಿಸಿದ್ದು, ಇಲ್ಲವೇ ಹೊರಡಲೇ ಇಲ್ಲ ಅಂದದ್ದು. ಯಾರಿದ್ದರು ಒಳಗೆ, ಏನಂದರು? ಈ ಕೆಲಸದಲ್ಲಿ ಹತ್ತು ಹದಿನೈದು ವರ್ಷ ಇದ್ದೋನು ಅಂಥ ನಾಲ್ಕು ಕಥೆ ಹೇಳಬೇಕು, ದಿನಾಂಕ ಸಮೇತ. "ನಾನು ಯಾವ ಹಾರಾಟವನ್ನೂ ರದ್ದು ಮಾಡಿಲ್ಲ ಸರ್" ಅಂತ ಹೆಮ್ಮೆಯಿಂದ ಹೇಳಿದರೆ ಚಹಾ ಕುಡಿಸಿ ಕಳಿಸಿಬಿಡಿ.

ಇಬ್ಬರು ಪೈಲಟ್ ಇಡಿ. ಒಬ್ಬನೇ ಹಾರಿಸಬಹುದು ಅಂತ ಅನುಮತಿ ಇರೋ ಸಣ್ಣ ಜೆಟ್‌ಗಳು ಇವೆ, ಆ ಉಳಿತಾಯಕ್ಕೆ ಕೈ ಹಾಕಬೇಡಿ. ಆ ಇಬ್ಬರಲ್ಲಿ ಎರಡನೆಯವನು ಮೊದಲನೆಯವನ ಅಳಿಯನೋ ಶಿಷ್ಯನೋ ಆಗಿದ್ದರೆ ಇಬ್ಬರಿಟ್ಟೂ ಒಬ್ಬನೇ ಇದ್ದ ಹಾಗೆ. ಆರು ತಿಂಗಳಿಗೊಮ್ಮೆ ಸಿಮ್ಯುಲೇಟರಿಗೆ ಕಳಿಸಿ, ಅಲ್ಲಿ ಅವನಿಗೆ ಎಂಜಿನ್ ಕೆಡಿಸಿ, ಬೆಂಕಿ ಹಚ್ಚಿ ನೋಡಲಿ. ವಿಮಾನದ ದತ್ತಾಂಶವನ್ನು ನಿಮ್ಮ ಸಂಬಳ ತಿನ್ನದ ಮೂರನೆಯವರಿಗೆ ಕೊಟ್ಟು ಓದಿಸಿ. ಬೆಡ್‌ಫರ್ಡಿನಲ್ಲಿ ಆ 175 ಟೇಕಾಫ್‌ಗಳನ್ನು ಯಾರಾದರೂ ಮೊದಲೇ ಓದಿದ್ದರೆ? ಆ ಅಂಕಿಗಳು ಪೆಟ್ಟಿಗೆಯಲ್ಲಿ ಸುಮ್ಮನೆ ಕೂತಿದ್ದವು. ಸಂಬಳ ತಿಂಗಳ ಲೆಕ್ಕದಲ್ಲಿ ಕೊಡಿ, ಟ್ರಿಪ್ಪಿನ ಲೆಕ್ಕದಲ್ಲಿ ಬೇಡ. ಟ್ರಿಪ್ ರದ್ದಾದರೆ ಅವನ ಮನೆ ಬಾಡಿಗೆಗೆ ಕತ್ತರಿ ಬೀಳೋದಾದರೆ ಅವನು ಮೋಡದಲ್ಲಿ ಸಂದಿ ಹುಡುಕ್ತಾನೆ. ಮತ್ತೆ ಸಂಬಳ ತಪ್ಪದೆ ಕೊಡಿ. ವಿಜಯ್ ಮಲ್ಯ ಅವರ ಕಿಂಗ್‌ಫಿಶರ್ 2012ರಲ್ಲಿ ನಿಂತಾಗ ಅಲ್ಲಿನ ಪೈಲಟ್‌ಗಳು, ಇಂಜಿನಿಯರುಗಳು ತಿಂಗಳುಗಟ್ಟಲೆ ಸಂಬಳ ಕಂಡಿರಲಿಲ್ಲ. ಅವರ ಸ್ವಂತ ಏರ್‌ಬಸ್ ಹಲವು ಹರಾಜು ದಾಟಿ 2018ರಲ್ಲಿ ಮಾರಾಟವಾಯಿತು. ಮನಸ್ಸು ಸಾಲದ ಕಂತಿನಲ್ಲಿದ್ದರೆ ಕೈ ಥ್ರಾಟಲ್ ಮೇಲಿದ್ದು ಏನು ಬಂತು?

ಇನ್ನೊಂದು, ಇದು ಸ್ವಲ್ಪ ಕಷ್ಟದ್ದು. ನೇಮಕದ ಪತ್ರದಲ್ಲೇ ಬರೆದುಕೊಡಿ: ಹಾರೋದು ಬಿಡೋದು ಕ್ಯಾಪ್ಟನ್ ಮಾತು, ಕಾರಣ ಕೇಳುವುದಿಲ್ಲ. ಪಿಎ ಆಗಲಿ, ಮಗ ಆಗಲಿ, ಪಕ್ಷದ ಅಧ್ಯಕ್ಷರಾಗಲಿ ಅವನಿಗೆ ಫೋನ್ ಮಾಡುವಂತಿಲ್ಲ. ಬರೆಯೋದು ಸುಲಭ. ಮೊದಲ ಬಾರಿ ಅವನು "ಸಾಹೇಬ್ರ, ಇವತ್ತು ಹಾರೋದು ಬ್ಯಾಡ್ರಿ" ಅಂದಾಗ, ಮುಂದೆ ಮದುವೆಯೋ ಮುಖ್ಯಮಂತ್ರಿ ಭೇಟಿಯೋ ಇರುವಾಗ, "ಆತು, ನಾಳೆ ಹೋಗೂಣು" ಅನ್ನೋಕೆ ಆಗುತ್ತಾ? ಆ ದಿನ ಮಾಲೀಕರ ಮುಖವನ್ನು ಆ ಪೈಲಟ್ ಒಬ್ಬನೇ ನೋಡೋದಿಲ್ಲ, ಸಹಪೈಲಟ್ ಕೂಡ ನೋಡ್ತಾನೆ. ಪೋಲೆಂಡ್ ನೆನಪಿದೆಯಲ್ಲ?

ಈಗ ಆ ಕಾರು.

ಜಮಖಂಡಿಯ ಶಾಸಕರಾಗಿದ್ದ ಸಿದ್ದು ನ್ಯಾಮಗೌಡರು. ಸರ್ಕಾರ ಮಾಡದ ಕೆಲಸವನ್ನು ರೈತರಿಂದಲೇ ದುಡ್ಡು ಕೂಡಿಸಿ, ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿಸಿದವರು. 1991ರಲ್ಲಿ ರಾಮಕೃಷ್ಣ ಹೆಗಡೆಯವರನ್ನು ಲೋಕಸಭೆ ಚುನಾವಣೆಯಲ್ಲಿ ಸೋಲಿಸಿದವರು. 2018ರ ಮೇ 28ರ ಬೆಳಗಿನ ಜಾವ, ಮತ್ತೆ ಶಾಸಕರಾಗಿ ಇನ್ನೂ ಎರಡು ವಾರ ಕಳೆದಿಲ್ಲ, ಗೋವಾದಿಂದ ರಸ್ತೆಯಲ್ಲಿ ಬರುವಾಗ ತುಳಸಿಗೇರಿ ಹತ್ತಿರ ಅಪಘಾತದಲ್ಲಿ ತೀರಿಕೊಂಡರು. ಆ ಅಪಘಾತಕ್ಕೆ ಯಾರು ಕಾರಣ ಅನ್ನೋ ಚರ್ಚೆಗೆ ನಾನು ಹೋಗೋದಿಲ್ಲ. ನಾನು ಹೇಳ್ತಿರೋದು ಆ ದಾರಿಯ ಬಗ್ಗೆ, ಆ ಹೊತ್ತಿನ ಬಗ್ಗೆ. ದೊಡ್ಡ ಊರಿಗೆ ವಿಮಾನ, ಅಲ್ಲಿಂದ ನಮ್ಮೂರಿಗೆ ರಾತ್ರಿಯ ಕಾರು: ಈ ಭಾಗದ ಶಾಸಕರು, ವ್ಯಾಪಾರಿಗಳು, ಆಸ್ಪತ್ರೆಗೆ ಹೋಗಿ ಬರೋ ಸಾಮಾನ್ಯರು, ಎಲ್ಲರ ಬದುಕೂ ಇದೇ.

ಪೈಲಟ್ ಇಷ್ಟೇ ತಾಸು ದುಡಿಯಬೇಕು, ಇಷ್ಟು ತಾಸು ಮಲಗಲೇಬೇಕು ಅಂತ ಕಾನೂನಿದೆ. ಅವನ ಕಣ್ಣು, ಕಿವಿ, ರಕ್ತದೊತ್ತಡ ವರ್ಷ ವರ್ಷ ಪರೀಕ್ಷೆ ಆಗುತ್ತೆ. ಸಾಂಬ್ರಾದ ಹೊರಗೆ ಕಾರಿನಲ್ಲಿ ಕಾಯ್ತಿರೋ ಹುಡುಗನಿಗೆ ಇದ್ಯಾವುದೂ ಇಲ್ಲ. ಮುಂಜಾನೆ ನಾಲ್ಕಕ್ಕೆ ಮುಧೋಳ ಬಿಟ್ಟು ಬಂದಿದ್ದಾನೆ. ವಿಮಾನ ತಡ, ಸಾಹೇಬರ ಮೀಟಿಂಗ್ ತಡ, ಈಗ ರಾತ್ರಿ ಹನ್ನೊಂದು. ಯರಗಟ್ಟಿ ದಾಟಿದ ಮೇಲೆ ಮುಂದೆ ಎರಡೆರಡು ಟ್ರೇಲರ್ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು, ಹಿಂದೆ ಕೆಂಪು ದೀಪವೂ ಇಲ್ಲ. ಅವನು "ಸಾಹೇಬ್ರ, ನಿದ್ದಿ ಬರಾಕತ್ತೈತ್ರಿ" ಅಂತ ಹೇಳೋದಿಲ್ಲ. ಹೇಳಿದರೆ ನಾಳೆ ಆ ಸೀಟಿನಲ್ಲಿ ಇನ್ನೊಬ್ಬ ಇರ್ತಾನೆ ಅಂತ ಅವನಿಗೆ ಗೊತ್ತು. ಹಾಗಾಗಿ ಜರ್ದಾ ಹಾಕ್ಕೊಂಡು, ಕಿಟಕಿ ಇಳಿಸಿಕೊಂಡು, ಹಾಡು ಜೋರು ಮಾಡಿಕೊಂಡು ಗಾಡಿ ಹೊಡೀತಾನೆ.

ಹಿಂದಿನ ಸೀಟಿನಲ್ಲಿ ಸಾಹೇಬರಿಗೆ ಆಗಲೇ ನಿದ್ದೆ ಬಂದಿರುತ್ತೆ.