ಕೇಳುವುದಕ್ಕೆಂದೇ ಆರಿಸಿ ಹೋದವರು

ನಮ್ಮ ಕೃಷ್ಣರಾಜಪೇಟೆ ಇನ್ನೂ ಅತ್ತಿಗುಪ್ಪೆ ಆಗಿದ್ದ ಕಾಲದ ಮಾತಿದು.

1881ರ ಮಾರ್ಚ್ ತಿಂಗಳಲ್ಲಿ ಮೈಸೂರು ರಾಜ್ಯ ಬ್ರಿಟಿಷರಿಂದ ಮರಳಿ ಒಡೆಯರ ಕೈಸೇರಿತು. ಧಾತು ಸಂವತ್ಸರದ ಬರದಲ್ಲಿ ಲಕ್ಷಾಂತರ ಜನ ಸತ್ತು ಆಗಿನ್ನೂ ನಾಲ್ಕೈದು ವರ್ಷ. ದಿವಾನ್ ರಂಗಾಚಾರ್ಲು ಅವರ ಕಾಲದ ಆ ಆಗಸ್ಟ್ ತಿಂಗಳ ಆಜ್ಞೆ ನೋಡಿ: ತಾಲ್ಲೂಕಿಗೆ ಒಬ್ಬಿಬ್ಬರು ತಿಳಿವಳಿಕೆಯುಳ್ಳ, ಊರವರು ಮಾತಿಗೆ ಬೆಲೆಕೊಡುವಂಥ ಬೇಸಾಯಗಾರರು ದಸರೆಗೆ ಮೈಸೂರಿಗೆ ಬರಬೇಕು, ಜಿಲ್ಲೆಗೆ ಮೂರು ನಾಲ್ಕು ಮಂದಿ ವರ್ತಕರೂ ಬರಬೇಕು. ಅಕ್ಟೋಬರ್ 7ರಂದು 144 ಜನ ಕೂಡಿದರು. ಕಾಂಗ್ರೆಸ್ ಹುಟ್ಟಿದ್ದು ಅದಾಗಿ ನಾಲ್ಕು ವರ್ಷಕ್ಕೆ.

ಇದೇ ಮೈಸೂರು ಪ್ರಜಾಪ್ರತಿನಿಧಿ ಸಭೆ. ಅಲ್ಲಿ ಕೂತವರು ಕಾನೂನು ಮಾಡುವ ಹಾಗಿರಲಿಲ್ಲ, ಒಂದು ಕಾಸಿನ ಕಂದಾಯ ಇಳಿಸುವ ಹಾಗಿರಲಿಲ್ಲ. ದಿವಾನರು ವರ್ಷದ ಆಯವ್ಯಯ ಓದುತ್ತಿದ್ದರು, ಇವರು ಅಹವಾಲು ಹೇಳುತ್ತಿದ್ದರು. ಅಷ್ಟೇ. ಆದರೆ ಆ 'ಅಷ್ಟೇ'ಯನ್ನು ಹಗುರವಾಗಿ ಕಾಣಬೇಡಿ. ಅಲ್ಲಿಯವರೆಗೆ ಏರಿ ಒಡೆದ ಕೆರೆಗಾಗಿ ರೈತ ಅಮಲ್ದಾರರ ಕಚೇರಿಯ ಜಗುಲಿಯಲ್ಲಿ ಕೈಕಟ್ಟಿ ನಿಲ್ಲಬೇಕಿತ್ತು. ಈಗ ಅದೇ ತೂಬು, ಅದೇ ಹೂಳು, ಅದೇ ಕೋಡಿಯ ಮಾತನ್ನು ಇಡೀ ಸಂಸ್ಥಾನದ ಎದುರು ದಿವಾನರನ್ನೇ ಕೇಳಬಹುದಾಯಿತು. ಕೇಳಿದ್ದು ಅಚ್ಚಾಗುತ್ತಿತ್ತು. ಅಚ್ಚಾದ ಪ್ರಶ್ನೆಯನ್ನು ಕಡತದಡಿ ಹೂಳುವುದು ಸುಲಭವಲ್ಲ.

ಮೊದಲು ಸ್ಥಳೀಯ ನಿಧಿ ಮಂಡಳಿಗಳವರು ಹೆಸರು ಸೂಚಿಸುತ್ತಿದ್ದರು. 1891ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಚುನಾವಣೆ ಬಂತು. ಅಧಿಕಾರವೇ ಇಲ್ಲದ ಸ್ಥಾನಕ್ಕೆ ಮತದಾನ! ಮತ ಹಾಕುವವರಾದರೂ ಇಂತಿಷ್ಟು ಕಂದಾಯ ಕಟ್ಟುವವರು, ಆಸ್ತಿಯಿದ್ದವರು. ಗೇಣಿದಾರನಿಗೆ, ಕೂಲಿಯವನಿಗೆ ಅಲ್ಲಿ ಜಾಗವಿರಲಿಲ್ಲ. ಕೆರೆ ಬತ್ತಿದರೆ ಮೊದಲು ಗುಳೆ ಹೊರಡುವವರು ಅವರೇ. ಈ ಸಭೆಯನ್ನು ಹೊಗಳುವಾಗ ಇದನ್ನು ಮುಚ್ಚಿಡುವುದು ನನ್ನಿಂದಾಗದು.

1923ರಲ್ಲಿ ಸಭೆಗೆ ಶಾಸನದ ಬಲ ಸಿಕ್ಕಿತು. ಹೊಸ ತೆರಿಗೆ ಹಾಕುವ ಮುನ್ನ ಸಭೆಯ ಅಭಿಪ್ರಾಯ ಕೇಳಬೇಕಾಯಿತು. ಹೆಂಗಸರೆಂಬ ಕಾರಣಕ್ಕೆ ಮತ ತಪ್ಪಿಸುವ ಅಡ್ಡಿಯೂ ಹೋಯಿತು. ಒಂದು ತಲೆಮಾರಿನ ರೈತರು ಬರಿಗೈಯಲ್ಲಿ ಹೋಗಿ, ವರ್ಷ ವರ್ಷ ಕೇಳಿ ಕೇಳಿಯೇ ಇಷ್ಟನ್ನು ದಕ್ಕಿಸಿಕೊಟ್ಟರು ಎಂಬುದು ನನ್ನ ನಂಬಿಕೆ.

ಆ ಸಭೆಯ ನಡವಳಿಗಳು ಪುಸ್ತಕವಾಗಿ ಅಚ್ಚಾಗಿದ್ದವು. ಕಿಕ್ಕೇರಿಯಲ್ಲೋ ಹೊಸಹೊಳಲಿನಲ್ಲೋ ಯಾರ ಮನೆಯ ಅಟ್ಟದ ಮೇಲಾದರೂ ಒಂದು ಪ್ರತಿ ಉಳಿದಿದ್ದರೆ, ಮುಂದಿನ ಉಪನ್ಯಾಸಕ್ಕೆ ದಯವಿಟ್ಟು ತನ್ನಿ. ನಮ್ಮ ತಾಲ್ಲೂಕಿನವರು ಯಾವ ಕೆರೆಯ ಹೆಸರು ಹೇಳಿ ಎದ್ದು ನಿಂತಿದ್ದರೆಂದು ಇಲ್ಲೇ ಕೂತು ಓದೋಣ.