ಮೂರು ಅಟ್ಟೆ ಮಲ್ಲಿಗೆ

ಕಡಿಯಾಳಿಯಲ್ಲಿ ನಮ್ಮ ನೆರೆಮನೆಯ ಹುಡುಗನೊಬ್ಬ ತಾಯಿಯ ಹೂವಿನ ವ್ಯಾಪಾರದ ಲೆಕ್ಕಕ್ಕೆಂದು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪುಟ್ಟದೊಂದು ಪ್ರೋಗ್ರಾಮ್ ಬರೆದ. ಪೈಥಾನ್ ಎಂದೊಡನೆ ಶ್ರೋತೃಗಳು ಹೆಬ್ಬಾವನ್ನು ನೆನೆಯಬೇಕಾಗಿಲ್ಲ. 1991ರಲ್ಲಿ ಅದನ್ನು ಹೊರತಂದ ನೆದರ್ಲೆಂಡ್ಸಿನ ಗಿಡೋ ವಾನ್ ರೋಸಮ್ ಆ ಹೆಸರನ್ನು ಎರವಲು ಪಡೆದದ್ದು ಬಿಬಿಸಿಯ ಹಾಸ್ಯ ಕಾರ್ಯಕ್ರಮವೊಂದರಿಂದ.

ಶಂಕರಪುರದ ಮಲ್ಲಿಗೆಯ ಲೆಕ್ಕ ನಮ್ಮ ಕಡೆಯವರಿಗೆ ತಿಳಿದದ್ದೇ: ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಹುಡುಗ ಕೀಲಿಮಣೆಯಲ್ಲಿ 3 ಒತ್ತಿದ. ಯಂತ್ರ ಅದನ್ನು ನಾಲ್ಕರಿಂದ ಗುಣಿಸಬೇಕು. ಅದು ಎಳ್ಳಷ್ಟೂ ಅಳುಕದೆ 'ಒಟ್ಟು ಚೆಂಡು: 3333' ಎಂದು ಬರೆಯಿತು!

ಕೀಲಿಮಣೆಯಿಂದ ಬಂದದ್ದೆಲ್ಲ ಪೈಥಾನಿಗೆ ಅಕ್ಷರಮಾಲೆ. ಅವರ ಮಾತಿನಲ್ಲಿ 'ಸ್ಟ್ರಿಂಗ್'. ಅಲ್ಲಿ 3 ಎಂಬುದು ಬರಿಯ ಗುರುತು, ಬೆಲೆಯಲ್ಲ. ಗುರುತನ್ನು ನಾಲ್ಕರಿಂದ ಗುಣಿಸೆಂದರೆ ನಾಲ್ಕು ಸಲ ಬರೆದಿಡುತ್ತದೆ. ಒಳಬರುವ ಬಾಗಿಲಲ್ಲಿಯೇ 'ಇಂಟ್' ಎಂಬ ಪದವನ್ನು ಹಚ್ಚಿ ಅದನ್ನು ಸಂಖ್ಯೆಯಾಗಿಸು ಎಂದೆ. ಹಾಗೆ ಮಾಡಿದೊಡನೆ ಕೆಲಸವೇ ನಿಂತು, ಪರದೆಯ ಮೇಲೆ 'ಟೈಪ್ ಎರರ್' ಎಂಬ ಆಕ್ಷೇಪ ಮೂಡಿತು.

"ಮಾಸ್ಟ್ರೇ, ನೀವು ಹೇಳಿದ ಹಾಗೆ ಮಾಡಿದ್ದಕ್ಕೇ ಕೆಟ್ಟಿತಲ್ಲ! ಮೊದಲಾದರೂ ಓಡುತ್ತಿತ್ತು" ಎಂದು ಹುಡುಗ 'ಇಂಟ್' ಅನ್ನು ಅಳಿಸಹೊರಟ. ನಾನು ತಡೆದೆ. ಓಡುತ್ತಿದ್ದಾಗಲೇ ಅಲ್ಲವೇ ಅದು ಹನ್ನೆರಡು ಚೆಂಡಿಗೆ ಬದಲಾಗಿ ಮೂರು ಸಾವಿರದ ಮುನ್ನೂರ ಮೂವತ್ತಮೂರರ ಲೆಕ್ಕ ಕೊಟ್ಟದ್ದು?

ಇಂಥ ಆಕ್ಷೇಪವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕಡೆಯ ಸಾಲು ಹೇಳಿದ್ದಿಷ್ಟು: ಅಕ್ಷರಮಾಲೆಗೆ ಅಕ್ಷರಮಾಲೆಯನ್ನಷ್ಟೇ ಜೋಡಿಸಬಲ್ಲೆ, ಪೂರ್ಣಾಂಕವನ್ನಲ್ಲ. ಅದರ ಮೇಲೆ ತಪ್ಪಿರುವ ಸಾಲಿನ ಸಂಖ್ಯೆ. ನೋಡಿದರೆ, 'ಒಟ್ಟು ಚೆಂಡು' ಎಂಬ ಮಾತಿಗೆ ಕೂಡುವ ಚಿಹ್ನೆಯಿಂದ 12ನ್ನು ಅಂಟಿಸಹೊರಟಿದ್ದ. ಹದಿಮೂರನೆಯ ಶತಮಾನದ ಕೇಶಿರಾಜ ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಬೆಸೆದರೆ ಅರಿಸಮಾಸವೆಂದ. ಆದರೂ ಕೆಲವೆಡೆ ವಿನಾಯಿತಿ ಕೊಟ್ಟ. ಪೈಥಾನೂ ಹಾಗೆಯೇ: ಪೂರ್ಣಾಂಕಕ್ಕೆ ದಶಮಾಂಶವನ್ನು ಕೂಡಿದರೆ ತಕರಾರಿಲ್ಲ.

ಎಲ್ಲವನ್ನೂ ಅಕ್ಷರಮಾಲೆಯಾಗಿಸಿ ಆಕ್ಷೇಪದ ಬಾಯಿ ಮುಚ್ಚಿಸುವುದು ಕಲಿಯುವವರ ಸಾಮಾನ್ಯ ಚಾಳಿ. ಅದರಿಂದ 3333 ಮರಳಿ ಬರುತ್ತದೆ. ಗುಣಾಕಾರ ಮುಗಿಯುವವರೆಗೆ ಸಂಖ್ಯೆ ಸಂಖ್ಯೆಯಾಗಿಯೇ ಇರಲಿ; ಬರೆದು ತೋರಿಸುವ ಹೊತ್ತಿಗೆ ಮಾತ್ರ 'ಎಸ್‌ಟಿಆರ್' ಎಂಬ ಪದದಿಂದ ಅದನ್ನು ಅಕ್ಷರವಾಗಿಸಿದರೆ ಸಾಕು. ಹುಡುಗ ಹಾಗೆಯೇ ತಿದ್ದಿದ.

ಸಂಜೆ ಅವನ ತಾಯಿ ತನ್ನ ಅಭ್ಯಾಸದಂತೆ ಕನ್ನಡದ ೩ ಒತ್ತಿದರು. ಈಗ ಮತ್ತೆ ಆಕ್ಷೇಪ ಬಂದೀತೆಂದು ಹುಡುಗ ಅಂಜಿದ್ದ. ಆದರೆ 'ಇಂಟ್' ಕನ್ನಡದ ಅಂಕಿಗಳನ್ನೂ ಬಲ್ಲದು. ಪರದೆಯ ಮೇಲೆ ಹನ್ನೆರಡು ಎಂದೇ ಬಂತು.